ಎರಡು ರಾಜ್ಯದ ಮೀನಿಗೆ ಒಂದೇ ಏಕಾದಶಿ

ಮೊನ್ನೆ ಗಂಗೊಳ್ಳಿ ಬಂದರಿನಲ್ಲಿ ಒಬ್ಬ ಲಾರಿ ಡ್ರೈವರ್ ಹೊರಡುವ ಮುಂಚೆ ಗಾಡಿಯ ಮುಂದೆ ಒಂದು ಹಿಡಿ ಅಗರಬತ್ತಿ ಹಚ್ಚಿದ. ಲಾರಿಯ ತುಂಬ ಬಂಗುಡೆ. ಮೀನಿನ ವಾಸನೆಯೂ ಅಗರಬತ್ತಿಯ ಹೊಗೆಯೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಅಮ್ಮ "ಎಂತಾ ಆಯ್ತ್ ಹೆಣೆ ನಿಂಗೆ?" ಎಂದು ಗಾಬರಿಯಾದರು. ಏನೆಂದು ಹೇಳಲಿ? ಆ ಎರಡು ವಾಸನೆ ಕೂಡಿದರೆ ನನಗೆ ನೆನಪಾಗುವುದು ದೇವಸ್ಥಾನವೂ ಅಲ್ಲ, ಬಂದರವೂ ಅಲ್ಲ. ವಡೋದರಾದ ಒಂದು ಶುದ್ಧ ಸಸ್ಯಾಹಾರಿ ಹೋಟೆಲಿನ ಮಹಡಿ.

ನಾನು ಗುಜರಾತಿಗೆ ಹೋದದ್ದು ಒಂದು ವರ್ಷದ ಸಂಶೋಧನೆಯ ಕೆಲಸಕ್ಕೆ. ಮೀನುಗಾರಿಕೆ ವಿಜ್ಞಾನ ಓದಿದವಳು ನಾನು. ಅಜ್ಜಿ ಬದುಕಿದ್ದಷ್ಟು ದಿನವೂ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ನಾನು ಕಾಲೇಜಿಗೆ ಸೇರಿದಾಗ "ಮೀನ್ಗಾರ್ತಿ ಮೊಮ್ಮಗಳ್ ಮೀನ್ ಕಲಿಯುಕೆ ಕಾಲೇಜಿಗೆ ಹೋಯ್ಕಾ?" ಎಂದು ಬಿದ್ದು ಬಿದ್ದು ನಕ್ಕಿದ್ದರು. ಕಲಿತದ್ದು ಸಾಲದು ಎಂಬಂತೆ, ಕೆಲಸ ಸಿಕ್ಕಿದ್ದು ಮೀನಿನ ಹೆಸರು ಹೇಳಿದರೆ ಬಾಗಿಲು ಮುಚ್ಚುವ ಊರಿನಲ್ಲಿ.

ಅಹ್ಮದಾಬಾದಿನ ಬೋಡಕ್‌ದೇವ್‌ನಲ್ಲಿ ಬಾಡಿಗೆಗೆ ಒಂದು ಕೋಣೆ ಕೇಳಲು ಹೋದಾಗ ಮನೆಯ ಯಜಮಾನರು ಮೊದಲು ಕೇಳಿದ್ದು "ನಾನ್ ವೆಜ್?" ಎಂದು. "ಮನೆಯಲ್ಲಿ ಮಾಡುವುದಿಲ್ಲ" ಎಂದೆ. "ಕೆಲಸ?" ಎಂದರು. "ಮೀನಿನ ಬಗ್ಗೆ" ಎಂದೆ. ಅವರು ಗಡ್ಡ ಕೆರೆದುಕೊಂಡು ಹೆಂಡತಿಯನ್ನು ಕರೆದರು. ಒಳಗೆ ಪಿಸಪಿಸ ಮಾತಾಯಿತು. ಹೊರಗೆ ಬಂದು, "ಓದಲು ಅಡ್ಡಿಯಿಲ್ಲ. ಪುಸ್ತಕದ ಮೀನು ಬೇಕಾದಷ್ಟು ತನ್ನಿ, ಉಳಿದದ್ದು ಗೇಟಿನ ಹೊರಗೆ" ಎಂದು ತೀರ್ಪು ಕೊಟ್ಟರು. ಹೀಗೆ ಒಂದು ವರ್ಷ ನಾನು ಹಗಲೆಲ್ಲ ಮೀನಿನ ಹೊಟ್ಟೆ ಕೊಯ್ದು, ಸಂಜೆ ಥೇಪ್ಲಾ ರೊಟ್ಟಿ ತಿಂದು ಮಲಗಿದೆ.

ಕಚೇರಿಯಲ್ಲಿ ನನ್ನ ಮೇಲಧಿಕಾರಿ ಮೆಹ್ತಾ ಸಾಹೇಬರು. ಮೀನಿನ ಇಲಾಖೆಯಲ್ಲೇ ಕೂದಲು ನರೆತವರು, ಒಂದು ತುಣುಕು ಮೀನನ್ನೂ ಬಾಯಿಗಿಟ್ಟವರಲ್ಲ. ಯಾವ ಮೀನು ಯಾವಾಗ ಮೊಟ್ಟೆ ಇಡುತ್ತದೆ, ಯಾವುದಕ್ಕೆ ಯಾವ ರೋಗ ಬರುತ್ತದೆ ಎಲ್ಲ ಬಾಯಿಪಾಠ. ರುಚಿ ಒಂದು ಬಿಟ್ಟು. ಯಾರಾದರೂ ಕೆಣಕಿದರೆ, "ಮದುವೆ ಮಾಡಿಸಲು ಬಂದ ಭಟ್ಟ ತಾನೇ ತಾಳಿ ಕಟ್ಟುತ್ತಾನೇನು?" ಎಂದು ಕೇಳುತ್ತಿದ್ದರು. ನನಗೆ ಅವರನ್ನು ಕಂಡರೆ ಬಹಳ ಇಷ್ಟ. ಒಂದು ವಿಷಯ ಬಂದಾಗ ಮಾತ್ರ ಅವರು ಪೂರ್ತಿ ಬೇರೆ ಮನುಷ್ಯ. ಆ ವಿಷಯ ಮಹಾರಾಷ್ಟ್ರದ ಮೀನುಗಾರಿಕೆ ಅಧಿಕಾರಿ ಪಾಟೀಲ್ ಸಾಹೇಬರು.

ಸೂರತ್‌ನಿಂದ ಬಸ್ಸಿನಲ್ಲಿ ಪೂರ್ವಕ್ಕೆ ಹೋದರೆ ಒಂದು ದೊಡ್ಡ ಜಲಾಶಯ. ಹೆಸರು ಬೇಡ, ಇಬ್ಬರು ಸಾಹೇಬರಿಗೂ ಇನ್ನೂ ನೌಕರಿ ಉಳಿದಿದೆ. ಈಚೆಯ ದಡ ಗುಜರಾತ್, ಮೇಲಿನ ಕೊನೆ ಮಹಾರಾಷ್ಟ್ರ. ಗಡಿ ನೀರಿನೊಳಗೆ ಎಲ್ಲೋ ಇದೆ, ನಕಾಶೆಯಲ್ಲಿ ಮಾತ್ರ ಕಾಣುತ್ತದೆ. ಮಳೆ ಬಿದ್ದು ಹೊಸ ನೀರು ಬಂದಾಗ ಕಾಟ್ಲಾ, ರೋಹು ಮೀನುಗಳು ಮೊಟ್ಟೆ ಇಡಲು ಮೇಲಕ್ಕೆ, ಆಚೆಯ ರಾಜ್ಯಕ್ಕೆ ಹೋಗುತ್ತವೆ. ಮರಿಗಳು ಕೆಳಕ್ಕೆ, ಈಚೆಯ ರಾಜ್ಯಕ್ಕೆ ಇಳಿಯುತ್ತವೆ. ಹೆರಿಗೆಗೆ ತವರು, ಆಮೇಲೆ ಗಂಡನ ಮನೆ. ಇದರಲ್ಲಿ ಜಗಳ ಮಾಡುವಂಥದ್ದು ಏನೂ ಇಲ್ಲ. ಆದರೂ ಜಗಳ ವರ್ಷಗಟ್ಟಲೆಯಿಂದ ನಡೆದಿತ್ತು, ಯಾಕೆಂದರೆ ಬಲೆ ಹಾಕಬಾರದ ದಿನಗಳು ಎರಡು ಕಡೆಯೂ ಬೇರೆ ಬೇರೆ. ಈಚೆಯವರು ಮಳೆಯ ಆರಂಭಕ್ಕೇ ಮೀನುಗಾರಿಕೆ ನಿಲ್ಲಿಸಿ ಬೇಗ ತೆರೆಯುತ್ತಿದ್ದರು. ಆಚೆಯವರು ತಡವಾಗಿ ನಿಲ್ಲಿಸಿ ತಡವಾಗಿ ತೆರೆಯುತ್ತಿದ್ದರು. ಈಚೆಯವರು ನಿಲ್ಲಿಸಿದಾಗ ಆಚೆಯವರ ದೋಣಿ ನೀರಿನಲ್ಲಿ, ಆಚೆಯವರು ನಿಲ್ಲಿಸಿದಾಗ ಈಚೆಯವರದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವ ಹಾಗೆ, ಇಬ್ಬರೂ ರಜೆ ಕೊಟ್ಟರೂ ಮೀನಿಗೆ ಒಂದು ದಿನವೂ ರಜೆ ಇಲ್ಲ.

ಈಚೆಯ ದಡದ ಮೀನುಗಾರರ ಸಹಕಾರ ಸಂಘಕ್ಕೆ ಸವಿತಾಬೆನ್ ಅಧ್ಯಕ್ಷೆ. ಗಟ್ಟಿ ಮೈಕಟ್ಟಿನ, ಇನ್ನೂ ಗಟ್ಟಿ ಗಂಟಲಿನ ಹೆಂಗಸು. ಮಗಳನ್ನು ಆಚೆಯ ದಡಕ್ಕೆ ಮದುವೆ ಮಾಡಿಕೊಟ್ಟಿದ್ದರು. ಮಾದರಿ ಮೀನು ತೆಗೆದುಕೊಳ್ಳಲು ನಾನು ಹೋದಾಗಲೆಲ್ಲ ಅವರ ಅಂಗಳದಲ್ಲೇ ನನ್ನ ಊಟ. ವರ್ಷದಲ್ಲಿ ನಾನು ತಿಂದ ಮೀನೆಲ್ಲ ಆ ಅಂಗಳದ್ದು, ಬೋಡಕ್‌ದೇವ್‌ಗೆ ಇದು ಇಂದಿಗೂ ಗೊತ್ತಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಹೋದಾಗ ಅಂಗಳ ಬಿಕೋ ಎನ್ನುತ್ತಿತ್ತು. ಮಗ ಸುನೀಲ ಎಲ್ಲಿ ಎಂದು ಕೇಳಿದೆ.

"ಸೂರತ್‌ನ ಉಧ್ನಾಕ್ಕೆ ಹೋದ. ಮಗ್ಗದ ಕಾರ್ಖಾನೆಗೆ" ಎಂದರು ಸವಿತಾಬೆನ್. "ದೋಣಿಗೆ ಡೀಸೆಲ್ ಹಾಕಿ ಹೋಗಿ, ಅಂಗೈಯಗಲದ ಮರಿ ಹಿಡಿದು ತಂದರೆ ಯಾರು ಕೊಳ್ಳುತ್ತಾರೆ? ನೀರಿನಲ್ಲಿ ಹುಟ್ಟಿದವನು ಈಗ ನೂಲಿನ ಧೂಳು ಕುಡಿಯುತ್ತಿದ್ದಾನೆ." ಊಟದ ತಟ್ಟೆ ನನ್ನ ಮುಂದಿಟ್ಟು, "ನಿಮ್ಮ ಸಾಹೇಬರಿಗೆ ಹೇಳಿ ಮೇಡಮ್. ಈ ಮಳೆಗೆ ಮುಂಚೆ ಎರಡೂ ದಡಕ್ಕೆ ಒಂದೇ ದಿನ ನಿಗದಿಯಾಗದಿದ್ದರೆ ನಾವೂ ಬಲೆ ಎತ್ತುವುದಿಲ್ಲ. ನಾನು ಕಣ್ಣು ಮುಚ್ಚಿ ಕೂತು ಬೀಗರ ಮನೆಯವರು ತುಂಬಿಕೊಳ್ಳುವುದು ಸಾಕು" ಎಂದರು. ಅಂದ ಮೇಲೆ ಮಾಡುವ ಹೆಂಗಸೇ. ಹಾಗೇನಾದರೂ ಆದರೆ ಆ ಜಲಾಶಯದಲ್ಲಿ ಮೊಟ್ಟೆ ಇಡಲು ಒಂದು ಮೀನೂ ಉಳಿಯುತ್ತಿರಲಿಲ್ಲ.

ಅಹ್ಮದಾಬಾದಿಗೆ ವಾಪಸು ಬಂದು ಮೆಹ್ತಾ ಸಾಹೇಬರಿಗೆ ಹೇಳಿದೆ. ಅವರು, "ಪಾಟೀಲರು ನಮ್ಮ ದಿನಕ್ಕೆ ಒಪ್ಪಲಿ" ಎಂದರು. ಪಾಟೀಲರಿಗೆ ಫೋನ್ ಮಾಡಿದೆ. ಅವರು, "ಮೆಹ್ತಾಭಾಯ್ ನಮ್ಮ ದಿನಕ್ಕೆ ಒಪ್ಪಲಿ" ಎಂದರು. ಇಬ್ಬರ ಮಾತಿನಲ್ಲೂ ಹೆಸರು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ. ಕೊನೆಗೆ ಎದುರುಬದುರು ಕೂತು ಮಾತಾಡಲು ಒಪ್ಪಿದರು, ಆದರೆ ಒಬ್ಬರ ಕಚೇರಿಗೆ ಇನ್ನೊಬ್ಬರು ಬರಲೊಲ್ಲರು. ವಡೋದರಾ ಎಂದು ತೀರ್ಮಾನವಾಯಿತು, ಅದು ಇಬ್ಬರಿಗೂ ಸಮನಾಗಿ ಅನನುಕೂಲವಾಗಿತ್ತು.

ವಡೋದರಾದಲ್ಲಿ ನನಗೆ ಗೊತ್ತಿದ್ದವರು ಒಬ್ಬರೇ, ಕುಂದಾಪುರ ಕಡೆಯ ಶೆಟ್ರು. ಇಡ್ಲಿ ದೋಸೆಯ ಹೋಟೆಲು, ಮಹಡಿಯ ಮೇಲೆ ನಿಶ್ಚಿತಾರ್ಥ, ಹುಟ್ಟುಹಬ್ಬಕ್ಕೆ ಬಾಡಿಗೆಗೆ ಕೊಡುವ ಹಾಲ್. ಊರಿಗೆ ಹೋದಾಗ ಮೂರು ಹೊತ್ತೂ ಮೀನು ಬೇಕು ಎನ್ನುವ ಶೆಟ್ರು ವಡೋದರಾದಲ್ಲಿ ಈರುಳ್ಳಿಯನ್ನೂ ಕೇಳಿ ಬಡಿಸುವಷ್ಟು ಸಾತ್ವಿಕರು. ಸುತ್ತಲೂ ವೈಷ್ಣವರ, ಜೈನರ ಮನೆಗಳು. ಅವರೆಲ್ಲ ಶೆಟ್ರನ್ನು ಹುಟ್ಟಾ ಸಸ್ಯಾಹಾರಿ ಎಂದೇ ನಂಬಿದ್ದರು. ಯಾರಾದರೂ ಕೇಳಿದ್ದರೆ ಶೆಟ್ರು ಸುಳ್ಳು ಹೇಳುತ್ತಿರಲಿಲ್ಲ, ಆದರೆ ಯಾರೂ ಕೇಳದಂತೆ ಹಣೆಗೆ ದೊಡ್ಡ ನಾಮ ಎಳೆದುಕೊಳ್ಳುತ್ತಿದ್ದರು.

"ಮೀನಿನ್ ಮೀಟಿಂಗಾ? ನಮ್ ಹೋಟ್ಲಗಾ?" ಶೆಟ್ರು ಸುತ್ತ ನೋಡಿ ಸ್ವರ ತಗ್ಗಿಸಿದರು. "ಎಂತ ಸಾವ್ ಮಾರಾಯ್ತಿ! ಕೆಳಗಿನ್ ಬೋರ್ಡಂಗೆ ಕಾರ್ಯಕ್ರಮದ ಹೆಸ್ರ್ ಬರಿಯೂದ್ ಇಲ್ಲಿನ್ ಪದ್ಧತಿ. ಮೀನ್ ಅಂದೇಳಿ ಬರಿಯೂಕಾತ್ತಾ?"

"ಏನಾದರೂ ಬರೀರಿ ಶೆಟ್ರೆ. ಒಟ್ಟು ಹಾಲ್ ಕೊಡಿ."

ಊರಿನ ಹುಡುಗಿ ಎಂಬ ಮುಲಾಜಿಗೆ ಕೊಟ್ಟರು. ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ಸಾಹೇಬರುಗಳಿಗೆ ತೋರಿಸಲೆಂದು ಮೊಟ್ಟೆಯಿಂದ ಹೊಟ್ಟೆ ಬಿಗಿದ ಒಂದು ಕಾಟ್ಲಾ ಮೀನನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಂದಿದ್ದೆ. ಮೇ ತಿಂಗಳ ವಡೋದರಾದಲ್ಲಿ ಐಸ್ ಎಷ್ಟು ಹೊತ್ತು ನಿಂತೀತು? ಬೆಳಿಗ್ಗೆ ಹಾಲಿಗೆ ಕಾಲಿಡುವಷ್ಟರಲ್ಲಿ ಶೆಟ್ರ ಮೂಗಿಗೆ ಊರಿನ ನೆನಪಾಯಿತು. ಒಂದು ಕ್ಷಣ ಅವರ ಮುಖ ಅರಳಿದ್ದನ್ನು ನಾನು ಕಂಡೆ. ಮರುಕ್ಷಣವೇ ಎದೆಯ ಮೇಲೆ ಕೈಯಿಟ್ಟು ಓಡಿಹೋಗಿ, ಕಟ್ಟುಗಟ್ಟಲೆ ಅಗರಬತ್ತಿ ತಂದು ಮೂಲೆಮೂಲೆಗೆ ಹಚ್ಚಿದರು. ಅತ್ತ ದರಿ ಇತ್ತ ಪುಲಿ ಎಂಬಂತೆ, ಹೊಗೆ ಹೊರಗೆ ಹೋಗಲೆಂದು ಕಿಟಕಿ ತೆರೆದರೆ ವಾಸನೆಯೂ ಬೀದಿಗೆ ಹೋಗುತ್ತಿತ್ತು.

ಮೆಹ್ತಾ ಸಾಹೇಬರು ಬಂದರು. ಪಾಟೀಲರು ಬಂದರು. ಸವಿತಾಬೆನ್ ಎರಡೂ ದಡದ ಪರವಾಗಿ ಕೂತರು. ಆಚೆ ದಡದಿಂದ ಬರಬೇಕಿದ್ದ ಅವರ ಬೀಗರಿಗೆ ಆ ದಿನ ಮೈ ಹುಷಾರಿರಲಿಲ್ಲ. ಮಾತು ಆರಂಭವಾಗಬೇಕು ಎನ್ನುವಾಗ ಮೆಟ್ಟಿಲ ಮೇಲೆ ಗಿಲಿಗಿಲಿ ಸದ್ದು. ಬಿಳಿ, ಬೂದಿ ಬಣ್ಣದ ಸೀರೆಯ ಹತ್ತಾರು ಅಜ್ಜಿಯರು, ಕೈಯಲ್ಲಿ ತಾಳ, ಜಪದ ಚೀಲ. "ಜೈ ಶ್ರೀಕೃಷ್ಣ" ಎನ್ನುತ್ತ ಬಂದು ಹಿಂದಿನ ಸಾಲುಗಳಲ್ಲಿ ಕೂತೇಬಿಟ್ಟರು. ನಾನು ಕೆಳಗೆ ಓಡಿದೆ. ಬೋರ್ಡಿನ ಮೇಲೆ ಶೆಟ್ರು ಗುಂಡಗುಂಡನೆಯ ಗುಜರಾತಿಯಲ್ಲಿ ಬರೆಸಿದ್ದರು: ಜಲಜೀವ ಸತ್ಸಂಗ, ಸರ್ವರಿಗೂ ಸ್ವಾಗತ.

"ಸರ್ವರಿಗೂ ಸ್ವಾಗತ ಯಾಕೆ ಬರೆಸಿದಿರಿ ಶೆಟ್ರೆ?"

"ಬರೀ ಸತ್ಸಂಗ ಅಂದ್ರೆ ಬೋರ್ಡ್ ಬೋಳ್ ಬೋಳ್ ಕಾಣ್ತಿತ್ತ್."

ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಅವರ ಮುಖಂಡರು, ಎಲ್ಲರೂ ಬಾ, ಅಂದರೆ ಅಮ್ಮ, ಎಂದು ಕರೆಯುವ ಕಾಂತಾಬಾ ಮುಂದಿನ ಕುರ್ಚಿಗೇ ಬಂದು ಕೂತು, ಕನ್ನಡಕ ಒರೆಸಿಕೊಂಡು, ಇಬ್ಬರು ಸಾಹೇಬರನ್ನೂ ಕಣ್ತುಂಬ ನೋಡಿ, ಪ್ರವಚನ ಶುರುಮಾಡಿ ಎಂಬಂತೆ ತಲೆಯಾಡಿಸಿದರು.

ಶುರುವಾಯಿತು. ಮೆಹ್ತಾ ಸಾಹೇಬರು ತಮ್ಮ ದಿನ ಹೇಳಿದರು. ಪಾಟೀಲರು ತಮ್ಮದು ಹೇಳಿದರು. ಸ್ವಲ್ಪ ಹೊತ್ತಿಗೆ ಮೆಹ್ತಾ ಸಾಹೇಬರ ಕಿವಿ ಕೆಂಪಾಯಿತು, ಪಾಟೀಲರು ಫೈಲು ಮಡಚಿ ಎದ್ದು ನಿಂತರು. ಹಿಂದಿನ ಸಭೆಗಳೆಲ್ಲ ಇಲ್ಲಿಗೇ ಮುಗಿದಿದ್ದವು ಎಂದು ನಾನು ಕೇಳಿದ್ದೆ. ಆದರೆ ಆ ಸಭೆಗಳಲ್ಲಿ ಕಾಂತಾಬಾ ಇರಲಿಲ್ಲ.

"ಬೇಸೋ ಭಾಯ್, ಬೇಸೋ" ಎಂದರು ಕಾಂತಾಬಾ. "ಸತ್ಸಂಗದ ನಡುವೆ ಎದ್ದು ಹೋಗಬಾರದು."

ಪಾಟೀಲರು ಕೂತರು. ಅಷ್ಟು ಜನ ಅಜ್ಜಿಯರ ಮುಂದೆ ಸಿಟ್ಟಿನಿಂದ ಎದ್ದುಹೋಗುವ ಮಗ ಇನ್ನೂ ಹುಟ್ಟಿಲ್ಲ. ಮೆಹ್ತಾ ಸಾಹೇಬರು ಸ್ವರ ಏರಿಸಿದಾಗಲೆಲ್ಲ ಹಿಂದಿನಿಂದ ಒಂದು ತಾಳ ಟಿಂಗ್ ಎನ್ನುತ್ತಿತ್ತು, ಅವರು ಸ್ವರ ಇಳಿಸುತ್ತಿದ್ದರು.

ಅಷ್ಟರಲ್ಲಿ ಐಸ್ ಕರಗಿದ ನೀರು ಪೆಟ್ಟಿಗೆಯ ಅಡಿಯಿಂದ ಹರಿದು ಕಾಂತಾಬಾರ ಕಾಲ ಬಳಿ ಬಂತು. "ಇದರಲ್ಲೇನಿದೆ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ನೀರಿನ ಜಗ್ಗು ಹಿಡಿದು ನಿಂತಿದ್ದ ಶೆಟ್ರು, "ಐಸ್‌ಕ್ರೀಮ್, ಬಾ!" ಎಂದುಬಿಟ್ಟರು.

"ಹಾಗಾದರೆ ಕೊಡಿ, ಕರಗಿಹೋದೀತು" ಎಂದರು ಕಾಂತಾಬಾ. ಅಜ್ಜಿಯರೆಲ್ಲ ಸರಿದು ಕೂತರು.

ಶೆಟ್ರು ನನ್ನ ಮುಖ ನೋಡಿದರು. ಅಂಥ ದೀನ ನೋಟವನ್ನು ನಾನು ಬಲೆಯಲ್ಲಿ ಬಿದ್ದ ಮೀನಿನಲ್ಲೂ ಕಂಡಿಲ್ಲ. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಪೆಟ್ಟಿಗೆಯ ಮುಚ್ಚಳ ತೆಗೆದೆ. ಹಿಂದಿನ ಸಾಲು ಪೂರ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡಿತು. "ಹೇ ರಾಮ್" ಎಂದರು ಯಾರೋ. ಕಾಂತಾಬಾ ಮಾತ್ರ ಬಗ್ಗಿ ನೋಡಿದರು.

"ಹೊಟ್ಟೆ ಯಾಕೆ ಇಷ್ಟು ದಪ್ಪ, ಮಗಳೇ?"

"ಮೊಟ್ಟೆ ತುಂಬಿದೆ, ಬಾ. ಮಳೆ ಬಿದ್ದೊಡನೆ ಇಡುತ್ತಿತ್ತು. ಲಕ್ಷಗಟ್ಟಲೆ."

ಮೂಗು ಮುಚ್ಚಿದ್ದ ಸೆರಗುಗಳು ಒಂದೊಂದಾಗಿ ಇಳಿದವು. "ಬಸುರಿ" ಎಂದರು ಕಾಂತಾಬಾ, ತಮಗೇ ಹೇಳಿಕೊಂಡಂತೆ. "ಇದನ್ನು ಹಿಡಿದವರು ಯಾರು?"

"ಅವರ ಕಡೆಯವರು" ಎಂದರು ಮೆಹ್ತಾ ಸಾಹೇಬರು. "ಇವರ ಕಡೆಯ ಬಲೆ" ಎಂದರು ಪಾಟೀಲರು. ಇಬ್ಬರೂ ಒಟ್ಟಿಗೇ ಹೇಳಿದರು.

ಕಾಂತಾಬಾ ಎದ್ದು ನಿಂತರು. "ಬಸುರಿ ಹೆಂಗಸು ಬಾಗಿಲಿಗೆ ಬಂದರೆ ಯಾವ ಊರಿನವಳು ಎಂದು ಕೇಳಿ ಆಸ್ಪತ್ರೆಗೆ ಸೇರಿಸುತ್ತೀರೇನು? ಇಷ್ಟು ಓದಿದ್ದೀರಿ, ನಾಚಿಕೆಯಾಗುವುದಿಲ್ಲವೇ? ಹಿಡಿಯಬೇಡಿ ಎಂದು ನಾನು ಹೇಳಿದರೆ ಈ ಸವಿತಾಬೆನ್‌ಳ ಹೊಟ್ಟೆ ತುಂಬುವುದಿಲ್ಲ, ಅದು ನನಗೂ ಗೊತ್ತು. ಹೆರಿಗೆಯಾಗುವ ತನಕ ಬಿಡಿ. ನಾವು ಚಾತುರ್ಮಾಸ್ಯ ಹಿಡಿಯುವುದಿಲ್ಲವೇ? ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು ನೀವೂ ಹಿಡಿಯಿರಿ."

ಆಷಾಢದ ಏಕಾದಶಿ ಎಂದದ್ದೇ ಪಾಟೀಲರು ಕೈಮುಗಿದರು. ವಿಠ್ಠಲನ ಭಕ್ತರು, ಪ್ರತಿ ವರ್ಷ ಆ ದಿನ ಪಂಢರಾಪುರಕ್ಕೆ ಹೋಗುವವರು. ಎದುರಿಗೆ ನೋಡಿದರೆ ಮೆಹ್ತಾ ಸಾಹೇಬರೂ ಕೈಮುಗಿದಿದ್ದರು. ನನಗೆ ಒಳಗೊಳಗೇ ರೋಮಾಂಚನ. ಇದು ಮೆಹ್ತಾರ ದಿನವಲ್ಲ, ಪಾಟೀಲರ ದಿನವೂ ಅಲ್ಲ. ದೇವರ ದಿನಕ್ಕೆ ಒಪ್ಪಿದರೆ ಯಾರೂ ಸೋತ ಹಾಗಾಗುವುದಿಲ್ಲ. ಹಾವೂ ಸಾಯದು, ಕೋಲೂ ಮುರಿಯದು.

ಆದರೆ ವಿಜ್ಞಾನ ಎಂಬ ನನ್ನ ಪೀಡೆ ಸುಮ್ಮನಿರಬೇಕಲ್ಲ! "ಬಾ, ಆಷಾಢಕ್ಕೆ ತಡವಾಗುತ್ತದೆ. ಮೊದಲ ಪ್ರವಾಹಕ್ಕೇ ಮೀನು ಮೇಲೆ ಹೋಗಿಬಿಡುತ್ತದೆ. ನಾಲ್ಕು ತಿಂಗಳು ಬೇಕಾಗಿಯೂ ಇಲ್ಲ" ಎಂದೆ.

"ತಡವಾದರೆ ಒಂದು ಏಕಾದಶಿ ಹಿಂದೆ ಹೋಗು. ಇನ್ನೂ ಹಿಂದೆ ಹೋಗು. ಜ್ಯೇಷ್ಠದಲ್ಲಿ ಭೀಮ ಅಗಿಯಾರಸ್ ಇದೆ" ಎಂದರು ಕಾಂತಾಬಾ. ನಮ್ಮ ಕಡೆ ನಿರ್ಜಲ ಏಕಾದಶಿ ಎನ್ನುವ ದಿನ, ನೀರನ್ನೂ ಕುಡಿಯದ ಉಪವಾಸ. ನನ್ನ ಕೋಷ್ಟಕ ತೆಗೆದು ನೋಡಿದೆ. ಮುಂಗಾರಿನ ಬಾಗಿಲಲ್ಲೇ ಬರುತ್ತಿತ್ತು.

"ಮುಗಿಯುವುದು ಯಾವಾಗ?" ಎಂದು ಪಾಟೀಲರು ಕೇಳಿದರು. ಅಲ್ಲಿಂದ ಮುಂದೆ ತರಕಾರಿ ಮಾರುಕಟ್ಟೆ. ಕಾಂತಾಬಾ ದೀಪಾವಳಿಯ ಆಚೆಯಿಂದ ಶುರುಮಾಡಿದರು. ಸವಿತಾಬೆನ್ ಆಗ ಮೊದಲ ಸಲ ಬಾಯಿ ತೆರೆದರು. "ಬಾ, ಅಷ್ಟು ದಿನ ನನ್ನ ಮನೆಯವರು ಏನು ತಿನ್ನಬೇಕು? ಶ್ರಾವಣ ಮುಗಿಯುವ ತನಕ ಎನ್ನಿ. ಮಳೆಯಲ್ಲಿ ಹೇಗೂ ದಡದ ಹೊಲ ಬಿತ್ತುತ್ತೇವೆ, ಶ್ರಾವಣದಲ್ಲಿ ಆಚೆ ದಡದ ಪೇಟೆಯಲ್ಲೂ ಯಾರೂ ಮೀನು ಕೊಳ್ಳುವುದಿಲ್ಲ. ಆದರೆ ಎರಡೂ ದಡ ನಿಲ್ಲಬೇಕು. ಒಂದು ದೋಣಿ ಕಂಡರೂ ನಾನು ಇಳಿಯುತ್ತೇನೆ."

"ಅಧಿಕ ಮಾಸ ಬಂದರೆ?" ನಾನು ಕೇಳಿದೆ.

"ಮೀನಿಗೆ ಅಧಿಕ ರಜೆ" ಎಂದರು ಕಾಂತಾಬಾ. ಅಜ್ಜಿಯರು ತಾಳ ತಟ್ಟಿಬಿಟ್ಟರು.

ಊಟಕ್ಕೆ ಶೆಟ್ರು ಆಮ್‌ರಸ್ ಪೂರಿ ಮಾಡಿಸಿದ್ದರು. ಮಾವಿನ ಹಣ್ಣಿನ ರಸ ಹೊಟ್ಟೆ ತುಂಬ ಕುಡಿದ ಮನುಷ್ಯ ಯಾವ ಒಪ್ಪಂದಕ್ಕೂ ಸಹಿ ಹಾಕುತ್ತಾನೆ. ಇಬ್ಬರು ಸಾಹೇಬರೂ ಆಕಳಿಸುತ್ತ ಹಾಕಿದರು. ವರದಿಯಲ್ಲಿ ಕಾಂತಾಬಾರನ್ನು ಏನೆಂದು ಬರೆಯುವುದು ಎಂಬ ಪ್ರಶ್ನೆ ಎದ್ದಿತು. "ಜಲಾಶಯದ ಹಿತಾಸಕ್ತರೊಂದಿಗೆ ವಿವರವಾಗಿ ಸಮಾಲೋಚಿಸಲಾಯಿತು" ಎಂದು ಮೆಹ್ತಾ ಸಾಹೇಬರು ಹೇಳಿ ಬರೆಸಿದರು. ಶೆಟ್ರು ನನ್ನನ್ನು ಬೀಳ್ಕೊಡುವಾಗ, "ಇನ್ನ್ ಒಂದ್ ವರ್ಷ ಈ ಕಡಿಗ್ ಬರ್ಬೇಡ ಮಾರಾಯ್ತಿ" ಎಂದು ಕೈಮುಗಿದು, ಆಮೇಲೆ ಕಿವಿಯ ಬಳಿ ಬಗ್ಗಿ, "ಆ ಕಾಟ್ಲಾ ಎಂತ ಮಾಡ್ತೆ?" ಎಂದರು. ಕೊಡಲಿಲ್ಲ. ಅದು ಸಂಶೋಧನೆಯ ಮೀನು.

ಮಳೆ ಬಂತು. ಗುಜರಾತಿನ ಮಳೆ ನಮ್ಮೂರಿನ ಹಾಗೆ ಹಿಡಿದು ಕೂರುವುದಿಲ್ಲ, ಸಾಲ ವಸೂಲಿಗೆ ಬಂದವನ ಹಾಗೆ ದಡಬಡಿಸಿ ಬಂದು ಹೋಗುತ್ತದೆ. ಪ್ರತಿ ಮಳೆಗೂ ನನಗೆ ಒಪ್ಪಂದ ಮುರಿದೀತೆಂಬ ಹೆದರಿಕೆ. ಒಂದು ದೋಣಿ, ಒಬ್ಬ ತಿಳಿಗೇಡಿ ಸಾಕಿತ್ತು. ದಿನವೂ ಸವಿತಾಬೆನ್‌ಗೆ ಫೋನ್ ಮಾಡಿ "ಏನಾದರೂ ಕಂಡಿತೇ?" ಎಂದು ಕೇಳುತ್ತಿದ್ದೆ. "ನೀರು ಕಂಡಿತು" ಎನ್ನುತ್ತಿದ್ದರು. ಅವರ ಬೀಗರು ಆಚೆಯ ದಡದಲ್ಲಿ ಕಾವಲು ಕೂತಿದ್ದರು, ಇವರು ಈಚೆಯಲ್ಲಿ. ಸಂಬಂಧಿಕರನ್ನು ಸಂಬಂಧಿಕರು ಕಾಯುವಷ್ಟು ಕಟ್ಟುನಿಟ್ಟಾಗಿ ಯಾವ ಸರ್ಕಾರವೂ ಕಾಯಲಾರದು. ಪ್ರತಿ ಏಕಾದಶಿಗೆ ಮೆಹ್ತಾ ಸಾಹೇಬರು ಪಾಟೀಲರಿಗೆ ತಾವಾಗಿಯೇ ಫೋನ್ ಮಾಡತೊಡಗಿದ್ದರು. ಮೊದಲು ಮೀನಿನ ವಿಚಾರ, ಆಮೇಲೆ ಉಪವಾಸಕ್ಕೆ ಸಾಬುದಾನಿ ಒಳ್ಳೆಯದೋ ರಾಜಗೀರ ಒಳ್ಳೆಯದೋ ಎಂಬ ಹೊಸ ಜಗಳ.

ಶ್ರಾವಣ ಮುಗಿದ ಮಾರನೆಯ ಬೆಳಿಗ್ಗೆ ನಾನು ಸವಿತಾಬೆನ್‌ರ ದೋಣಿಯಲ್ಲಿದ್ದೆ. ಆಚೆ ದಡದಿಂದಲೂ ದೋಣಿಗಳು ಅದೇ ಹೊತ್ತಿಗೆ ಹೊರಟಿದ್ದವು. ಒಂದು ಮಳೆಗಾಲದ ವಿಶ್ರಾಂತಿಯಿಂದ ಜಲಾಶಯ ಪೂರ್ತಿ ತುಂಬಿಬಿಡುವುದಿಲ್ಲ ಎಂದು ನನ್ನ ಪುಸ್ತಕ ಹೇಳುತ್ತದೆ, ಅದು ನಿಜ. ನಾನು ದೋಣಿಯ ಅಂಚು ಹಿಡಿದು ಪುಸ್ತಕ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸವಿತಾಬೆನ್ ಬಲೆ ಎಳೆದರು. ಎಳೆದರು. ಅವರ ಗಟ್ಟಿ ತೋಳಿಗೂ ಬಲೆ ಬಗ್ಗದ್ದು ಕಂಡು ನಾನೂ ಕೈ ಹಾಕಿದೆ. ಬಲೆ ದೋಣಿಯ ಹಲಗೆಯ ಮೇಲೆ ಬಿದ್ದಾಗ ಮೊಳದುದ್ದದ ರೋಹು, ಬೆಳ್ಳಿ ಹೊಟ್ಟೆಯ ಕಾಟ್ಲಾ ಪಟಪಟ ಬಡಿದುಕೊಂಡವು. ಸವಿತಾಬೆನ್ ಒದ್ದೆ ಕೈಯಲ್ಲೇ ಸೊಂಟದಿಂದ ಫೋನ್ ತೆಗೆದು ಉಧ್ನಾಕ್ಕೆ ಹಚ್ಚಿ ಸ್ಪೀಕರ್ ಒತ್ತಿದರು.

"ಸುನೀಲ್!" ಎಂದು ಕೂಗಿದರು. ಆಚೆಯಿಂದ ಮಗ್ಗಗಳ ಖಟಖಟ. "ಬಾ... ಏನೂ ಕೇಳಿಸ್ತಿಲ್ಲ ಬಾ!" ಎಂಬ ಸ್ವರ ಅದರೊಳಗೆ ಮುಳುಗಿತ್ತು. ಅವನು ತಾಯಿಯನ್ನು ಕರೆಯುವುದು ಬಾ ಎಂದೇ.

ಸವಿತಾಬೆನ್ ಮತ್ತೆ ಕೂಗಲಿಲ್ಲ. ಬಗ್ಗಿ, ಪಟಪಟ ಬಡಿದಾಡುವ ಮೀನುಗಳ ನಡುವೆ ಫೋನನ್ನು ಹಲಗೆಯ ಮೇಲಿಟ್ಟರು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಅವನು ಹೊರಗೆ ನಡೆದು ಬಂದಿರಬೇಕು, ಮಗ್ಗದ ಸದ್ದು ನಿಧಾನಕ್ಕೆ ದೂರವಾಯಿತು. ಆಮೇಲೆ ಅವನ ಸ್ವರ ಸ್ಪಷ್ಟವಾಗಿ ಬಂತು.

"ಬಾ, ನಾನು ಬರುವ ತನಕ ದೊಡ್ಡದನ್ನು ಮಾರಬೇಡ."